ಮನೆವಾರ್ತೆ: ಹೆಪ್ಪಿಗೊಂದು ಹೆಪ್ಪು

ಈ ತಿಂಗಳು ಬಂದ ಪತ್ರಗಳಲ್ಲಿ ಒಂದಕ್ಕೇ ಈ ಪುಟಗಳನ್ನೆಲ್ಲ ಕೊಡಬೇಕಾಗಿದೆ. ಬರೆದವರು ಬೈಲಹೊಂಗಲ ತಾಲೂಕಿನ ಒಬ್ಬ ಗೃಹಸ್ಥರು. ತಮ್ಮ ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸಕೂಡದೆಂದು ಅವರು ಕೇಳಿಕೊಂಡಿರುವರು, ಹಾಗೆಯೇ ಆಗಲಿ.

ಅವರ ಮಗನು ಅಮೇರಿಕೆಯಲ್ಲಿ ನೌಕರಿಯಲ್ಲಿರುವನು. ರಜೆಯ ದಿನಗಳಲ್ಲಿ ಮನೆಯಲ್ಲಿಯೇ ಬಿಯರು ತಯಾರಿಸುವ ಹವ್ಯಾಸವನ್ನು ಅವನು ಈಚೆಗೆ ಹಿಡಿದಿರುವನು. ಮೊದಲ ಸಲ ಇಪ್ಪತ್ತು ಲೀಟರು ಮಾಲ್ಟಿನ ಕಷಾಯವನ್ನು ಕುದಿಸಿ ಆರಿಸಿ, ಅಂಗಡಿಯಿಂದ ತಂದ ದ್ರವರೂಪದ ಯೀಸ್ಟಿನ ಒಂದು ಪೊಟ್ಟಣವನ್ನು ಅದಕ್ಕೆ ಸುರಿದನಂತೆ. ಮೂರು ದಿನಗಳ ವರೆಗೆ ಒಂದು ಗುಳ್ಳೆಯೂ ಏಳಲಿಲ್ಲ. ನಾಲ್ಕನೆಯ ದಿನ ದುರ್ಗಂಧವು ಎದ್ದಿತು. ಎಲ್ಲವನ್ನೂ ಮೋರಿಗೆ ಚೆಲ್ಲಬೇಕಾಯಿತು. ಈ ಸುದ್ದಿಯನ್ನು ಅವನು ತಂದೆಗೆ ತಿಳಿಸದೆ ಫೋನಿನಲ್ಲಿ ತಾಯಿಗೆ ತಿಳಿಸಿ, “ಅವ್ವಾ, ನಿನ್ನ ಹೆಪ್ಪು ಒಂದ ದಿನಾ ಕೆಟ್ಟಿದ್ದು ನಾ ಕಾಣೆ, ನಂದು ಮೊದಲನೇ ಸಲಾನ ಕೆಟ್ಟಿತು” ಎಂದು ನಕ್ಕನಂತೆ. ಆ ತಾಯಿಯು ಬಿಯರನ್ನು ಕಣ್ಣಿನಿಂದ ಕಂಡವಳಲ್ಲ. ಆದರೂ ಥಟ್ಟನೆ, “ತಮ್ಮಾ, ಚಮಚಿ ತುದಿಯಷ್ಟು ಹಳೇ ಹೆಪ್ಪು ಕೊಡಪಾನ ಹಾಲಿಗೆ ಹಾಕಿದರ ಹ್ಯಾಂಗ ಆದೀತು? ಮೊದಲ ಒಂದು ವಾಟಗಾದಷ್ಟಕ್ಕ ಹಾಕು. ಅದು ಹೆಪ್ಪಾದ ಮ್ಯಾಲೆ ಅದನ್ನ ಕೊಡಪಾನಕ್ಕ ಹಾಕು” ಎಂದಳು. ಪಕ್ಕದ ಕೋಣೆಯಲ್ಲಿದ್ದ ತಂದೆಯ ಕಿವಿಗೆ ಈ ಮಾತು ಬಿದ್ದಿತು. ಅಂದಿನಿಂದ ಅವರು ಮಗನ ಸಂಗಡ ಮಾತಾಡಿಲ್ಲ. ಹೆಂಡತಿಯ ಸಂಗಡ ಬೇಕಾದಷ್ಟೇ ಮಾತು. ಅವರ ಪ್ರಶ್ನೆಗಳು ಮೂರು: ಮಗನು ದಾರಿ ತಪ್ಪಿದನೇ? ಈ ವಸ್ತುವು ವಿಷವಾಗಿ ಅವನ ಕಣ್ಣಿಗೋ ಪ್ರಾಣಕ್ಕೋ ಅಪಾಯ ಬಂದೀತೇ? ತಾಯಿ ಹೇಳಿದ ಉಪಾಯವು ಶಾಸ್ತ್ರವೋ, ಬರಿಯ ಮಮತೆಯೋ?

ಮೂರನೆಯ ಪ್ರಶ್ನೆಗೆ ಉತ್ತರವು ದೊಡ್ಡದು. ಅದು ನಮ್ಮೆಲ್ಲರ ಅಡಿಗೆಮನೆಗೂ ಸಂಬಂಧಿಸಿದ್ದು. ಆದಕಾರಣ ಮೊದಲಿನ ಎರಡನ್ನು ಬೇಗನೆ ಮುಗಿಸುವೆನು.

ಕಾಯದೆಯ ಮಾತು ಹೀಗೆ. ಅಮೇರಿಕೆಯಲ್ಲಿ ೧೯೭೮ನೆಯ ಇಸವಿಯಲ್ಲಿ ಆದ ಕಾಯದೆಯ ಮೇರೆಗೆ ಪ್ರೌಢನಾದವನು ತನ್ನ ಮನೆಯ ಉಪಯೋಗಕ್ಕಾಗಿ ವರುಷಕ್ಕೆ ೧೦೦ ಗ್ಯಾಲನ್ನಿನ ವರೆಗೆ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಇಬ್ಬರು ಪ್ರೌಢರಿರುವ ಮನೆಗೆ ೨೦೦ ಗ್ಯಾಲನ್. ಮಾರಕೂಡದು, ಭಟ್ಟಿ ಇಳಿಸಲು ಆ ಕಾಯದೆಯು ಅಪ್ಪಣೆ ಕೊಡುವದಿಲ್ಲ. ನಮ್ಮಲ್ಲಿ ಹಾಗಲ್ಲ. ೧೯೬೫ರ ಅಬಕಾರಿ ಕಾಯದೆಯ ಪ್ರಕಾರ ಪರವಾನಿಗೆಯಿಲ್ಲದೆ ಯಾವ ಮದ್ಯವನ್ನು ತಯಾರಿಸಿದರೂ ಅಪರಾಧವೇ. ಆದುದರಿಂದ ಮಗನು ಅಲ್ಲಿ ಮಾಡಿದ್ದು ಅಪರಾಧವಲ್ಲ. ಇದನ್ನು ಓದಿ ಇಲ್ಲಿ ಯಾವನಾದರೂ ತರುಣನು ಮಾಡಲು ಹೊರಟರೆ ಅದು ಅಪರಾಧ. ಕುಡಿಯುವದು ಒಳ್ಳೆಯದೆಂದು ನಾನು ಹೇಳುವವನಲ್ಲ. ಆದರೆ ವಾರಕ್ಕೊಮ್ಮೆ ಒಲೆಯ ಮುಂದೆ ನಿಂತು ಕಷಾಯ ಕಾಯಿಸಿ, ಉಷ್ಣಮಾಪಕವನ್ನು ನೋಡಿ, ಕೆಟ್ಟದ್ದನ್ನು ಚೆಲ್ಲಿ, ಯಾಕೆ ಕೆಟ್ಟಿತೆಂದು ತಾಯಿಯನ್ನು ಕೇಳುವ ಮಗನಿಗೂ ಸಂಜೆಯಾದೊಡನೆ ಅಂಗಡಿಯ ಕಡೆಗೆ ಕಾಲೆಳೆಯುವವನಿಗೂ ಅಂತರವುಂಟು. ಆ ಅಂತರವನ್ನು ತಂದೆಯಾದವನು ಕಾಣಬೇಕು.

ವಿಷದ ಭಯಕ್ಕೆ ಕಾರಣವಿಲ್ಲದಿಲ್ಲ. ೧೯೮೧ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರು ಕಳ್ಳಸಾರಾಯಿಯಿಂದ ಸತ್ತರು. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಮರುವರುಷ ಮೇ ತಿಂಗಳಲ್ಲಿಯೇ ಬೆಂಗಳೂರು ಕೋಲಾರಗಳ ಕಡೆಗೂ ತಮಿಳುನಾಡಿನ ಗಡಿಯಲ್ಲಿಯೂ ಮತ್ತೆ ಅದೇ ಅನಾಹುತವು ನಡೆಯಿತು. ಇಂಥ ಮರಣಗಳಿಗೆ ಕಾರಣವು ಮೆಥನಾಲು ಎಂಬ ವಿಷ. ಅದು ಕಾರಖಾನೆಯ ಪದಾರ್ಥ. ಲಾಭದ ಆಶೆಯಿಂದ ಮನುಷ್ಯರು ಅದನ್ನು ಬೆರೆಸುತ್ತಾರೆ. ಧಾನ್ಯದ ಮಾಲ್ಟನ್ನು ಯೀಸ್ಟು ಹುದುಗಿಸುವಾಗ ಅದು ಅಪಾಯಕರವಾದ ಪ್ರಮಾಣದಲ್ಲಿ ಹುಟ್ಟುವದಿಲ್ಲ. ಮಗನ ಕಣ್ಣಿಗೆ ಇದರಿಂದ ಭಯವಿಲ್ಲ. ಅವನು ಭಯಪಡಬೇಕಾದದ್ದು ಬಿಗಿಯಾಗಿ ಮುಚ್ಚಿದ ಸೀಸೆಗೆ; ಅದರ ಮಾತು ಮುಂದೆ ಬರುವದು.

ಇನ್ನು ಹೆಪ್ಪು.

ಕನ್ನಡದಲ್ಲಿ ನಾವು ಮೊಸರಿಗೆ ಹಾಕುವದನ್ನು ಹೆಪ್ಪೆಂದೂ, ಹಿಟ್ಟು ಉಬ್ಬಿ ಹುಳಿಯಾಗುವದನ್ನು ಹುದುಗುವದೆಂದೂ ಅನ್ನುತ್ತೇವೆ. ಸಂಸ್ಕೃತದಲ್ಲಿ ಈ ಭೇದವು ಇನ್ನೂ ಸ್ಪಷ್ಟ. ಹಾಲಿಗೆ ಹಾಕುವ ಹೆಪ್ಪಿಗೆ ಆತಂಚನವೆಂದು ಹೆಸರು. ಸುರೆಯ ಬೀಜಕ್ಕೆ ಕಿಣ್ವವೆಂದು ಹೆಸರು. ಅಮರಕೋಶವು ಇದಕ್ಕೆ ನಗ್ನಹೂ ಎಂಬ ಇನ್ನೊಂದು ಶಬ್ದವನ್ನೂ ಕೊಡುತ್ತದೆ. ಎರಡು ಹೆಸರುಗಳನ್ನಿಟ್ಟವರಿಗೆ ಒಳಗಿನ ಜೀವಿಗಳು ಬೇರೆ ಬೇರೆಯೆಂದು ಗೊತ್ತಿರಲಿಕ್ಕಿಲ್ಲ. ಕೆಲಸವು ಬೇರೆಯೆಂದು ಗೊತ್ತಿತ್ತು. ಮೊಸರಿನ ಹೆಪ್ಪಿನಲ್ಲಿ ಹುಳಿಯನ್ನು ಹುಟ್ಟಿಸುವ ಬ್ಯಾಕ್ಟೀರಿಯಾಗಳು. ಕಿಣ್ವದಲ್ಲಿ ಮುಖ್ಯವಾಗಿ ಯೀಸ್ಟು, ಅಂದರೆ ಅಣಬೆಯ ಕುಲದ ಒಂದು ಏಕಕೋಶ ಜೀವಿ.

ಕೌಟಿಲ್ಯನ ಅರ್ಥಶಾಸ್ತ್ರವು ಬಹು ಶತಕಗಳ ವರೆಗೆ ಕಣ್ಮರೆಯಾಗಿದ್ದು, ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಓಲೆಗರಿಯ ರೂಪದಲ್ಲಿ ಸಿಕ್ಕಿತು, ೧೯೦೯ರಲ್ಲಿ ಅಚ್ಚಾಯಿತು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಪ್ರಕರಣವುಂಟು. ಮದ್ಯವೆಲ್ಲ ಅಧ್ಯಕ್ಷನ ಹತೋಟಿಯಲ್ಲಿರಬೇಕು. ಆದರೆ ವಿಶೇಷ ಕಾರ್ಯಗಳಲ್ಲಿ ಗೃಹಸ್ಥರು ಬಿಳಿಯ ಸುರೆಯನ್ನಾಗಲಿ ಔಷಧಕ್ಕಾಗಿ ಅರಿಷ್ಟವನ್ನಾಗಲಿ ಮಾಡಿಕೊಳ್ಳಬಹುದೆಂದು ಅಲ್ಲಿ ಹೇಳಿದೆ. ಕಿಣ್ವವನ್ನು ಮಾಡುವ ಕ್ರಮವೂ ಇದೆ: ಹಸಿಯದೋ ಬೇಯಿಸಿದ್ದೋ ಆದ ಉದ್ದಿನ ಹಿಟ್ಟು, ಅದಕ್ಕೆ ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಅಕ್ಕಿ, ಮೇಲೆ ಕೆಲವು ಗಿಡಮೂಲಿಕೆಗಳ ಪುಡಿ. ಉದ್ದು ಮತ್ತು ಅಕ್ಕಿ! ಇಡ್ಲಿಯ ಹಿಟ್ಟಿನ ಎರಡು ದ್ರವ್ಯಗಳು ಸುರಾಧ್ಯಕ್ಷನ ಉಗ್ರಾಣದಲ್ಲಿಯೂ ಇದ್ದವೆಂಬುದನ್ನು ಮುಂಜಾನೆ ಇಡ್ಲಿ ತಿನ್ನುವ ಸಭ್ಯರು ಮನಸ್ಸಿಗೆ ಹಚ್ಚಿಕೊಳ್ಳಬೇಕಾದ ಕಾರಣವಿಲ್ಲ.

ಇನ್ನೊಂದು ಸ್ವಾರಸ್ಯ. ದೇಹಕ್ಕಿಂತ ಬೇರೆ ಆತ್ಮವಿಲ್ಲವೆಂದು ವಾದಿಸಿದ ಚಾರ್ವಾಕರು, ಕಿಣ್ವಾದಿಗಳು ಕೂಡಿದಾಗ ಮದಶಕ್ತಿಯು ಹೊಸದಾಗಿ ಹುಟ್ಟುವಂತೆ ಜಡಭೂತಗಳು ಕೂಡಿದಾಗ ಚೈತನ್ಯವು ಹುಟ್ಟುವದೆಂದು ದೃಷ್ಟಾಂತ ಕೊಟ್ಟರೆಂದು ಸರ್ವದರ್ಶನಸಂಗ್ರಹದಲ್ಲಿ ಓದುತ್ತೇವೆ. ಪಾಪ, ಜಡಕ್ಕೆ ಉದಾಹರಣೆ ಹುಡುಕಹೋಗಿ ಅವರು ಜೀವವೇ ತುಂಬಿದ ವಸ್ತುವನ್ನು ಎತ್ತಿಕೊಂಡರು! ಹಾಲೆಂಡಿನ ಲೇವೆನ್‌ಹುಕ್ಕನು ೧೬೮೦ರಲ್ಲಿ ಸೂಕ್ಷ್ಮದರ್ಶಕದಿಂದ ಬಿಯರಿನಲ್ಲಿ ಯೀಸ್ಟಿನ ಕಣಗಳನ್ನು ಕಂಡನು. ಅವು ಜೀವಿಗಳೆಂದೂ ಹುದುಗುವಿಕೆಯು ಅವುಗಳ ಬಾಳುವೆಯ ಕ್ರಿಯೆಯೆಂದೂ ೧೮೫೭ರಿಂದೀಚೆಗೆ ಫ್ರಾನ್ಸಿನ ಪಾಶ್ಚರನು ತೋರಿಸಿಕೊಟ್ಟನು. ಇಂದು ಶಾಲೆಯ ಪುಸ್ತಕಗಳಲ್ಲಿ ಕಿಣ್ವವೆಂಬ ಶಬ್ದವು ಜೀರ್ಣರಸಗಳಲ್ಲಿರುವ ಎನ್‌ಜೈಮಿಗೆ ಮೀಸಲಾಗಿದೆ. ಆ ಗ್ರೀಕ್ ಶಬ್ದದ ಅರ್ಥವೂ ಹುಳಿಹಿಟ್ಟಿನೊಳಗಿದ್ದದ್ದು ಎಂದೇ. ಆದುದರಿಂದ ಕನ್ನಡದ ಪಂಡಿತರು ತಪ್ಪಲಿಲ್ಲ. ಹಳೆಯ ಹೆಸರನ್ನು ಒಂದು ಮೆಟ್ಟಿಲು ಒಳಗೆ ಸರಿಸಿದರು, ಅಷ್ಟೆ.

ಈಗ ತಾಯಿಯ ಮಾತಿಗೆ ಬರೋಣ. ಅದು ಅಕ್ಷರಶಃ ಶಾಸ್ತ್ರ.

ಕುದಿಸಿ ಆರಿಸಿದ ಮಾಲ್ಟಿನ ಕಷಾಯವೆಂದರೆ ಹದವಾಗಿ ಹರಗಿ ನೀರು ಬಿಟ್ಟ ಹೊಲವಿದ್ದಂತೆ. ಅಲ್ಲಿ ಬಿತ್ತಿದ ಬೆಳೆಯೂ ಬೆಳೆದೀತು, ಗಾಳಿಯಿಂದ ಬಂದ ಕಳೆಯೂ ಬೆಳೆದೀತು. ಯಾವದು ಮೊದಲು ಹೊಲವನ್ನೆಲ್ಲ ಆವರಿಸುವದೋ ಅದರದೇ ಹೊಲ. ಇಪ್ಪತ್ತು ಲೀಟರಿನ ಸಾಧಾರಣ ಬಿಯರಿಗೆ ಸುಮಾರು ೧೮,೦೦೦ ಕೋಟಿ ಯೀಸ್ಟಿನ ಕೋಶಗಳು ಬೇಕೆಂದು ಬಲ್ಲವರ ಲೆಕ್ಕ. ಅಂಗಡಿಯ ದ್ರವ ಯೀಸ್ಟಿನ ಸಾಮಾನ್ಯ ಪೊಟ್ಟಣದಲ್ಲಿ ತಯಾರಾದ ದಿನ ಇರುವವು ೧೦,೦೦೦ ಕೋಟಿಯ ಆಚೀಚೆ. ತಣ್ಣಗೆ ಇಟ್ಟರೂ ತಿಂಗಳು ತಿಂಗಳಿಗೆ ಅವುಗಳಲ್ಲಿ ಒಂದು ಪಾಲು ಸಾಯುತ್ತದೆ; ನಾಲ್ಕಾರು ತಿಂಗಳ ಹಳೆಯ ಪೊಟ್ಟಣದಲ್ಲಿ ಅರ್ಧವೂ ಉಳಿದಿರಲಿಕ್ಕಿಲ್ಲ. ಉಳಿದವು ಹಸಿದು ಮಂಕಾಗಿ ಮಲಗಿರುತ್ತವೆ. ಅವು ಎದ್ದು, ಉಂಡು, ಒಡೆದು ಹೆಚ್ಚುವಷ್ಟರಲ್ಲಿ ಎರಡು ಮೂರು ದಿನಗಳಾದರೆ, ಆ ಅವಧಿಯಲ್ಲಿ ಗಾಳಿಯಿಂದಲೋ ಪಾತ್ರೆಯಿಂದಲೋ ಬಂದ ಬೇರೆ ಜೀವಿಗಳು ಮನೆಯ ಯಜಮಾನರಾಗಿರುತ್ತವೆ. ಮಗನ ಕಷಾಯದಲ್ಲಿ ಆದದ್ದು ಇದೇ.

ನಮ್ಮ ರೈತರು ಇದನ್ನು ಬಲ್ಲರು. ಮೆಣಸಿನಕಾಯಿಯ ಬೀಜವನ್ನೋ ಉಳ್ಳಾಗಡ್ಡಿಯ ಬೀಜವನ್ನೋ ಎಕರೆಗಟ್ಟಲೆ ನೆಲದಲ್ಲಿ ಎರಚುವ ಬದಲು, ಬಾವಿಯ ಹತ್ತಿರ ಒಂದು ಸಣ್ಣ ಮಡಿಯಲ್ಲಿ ಹಾಕಿ, ನೀರು ನೆರಳು ಕೊಟ್ಟು ಅಗಿಯನ್ನು ಬೆಳೆಸಿ, ಅದು ಗಟ್ಟಿಯಾದ ಮೇಲೆ ಹೊಲಕ್ಕೆ ಹಚ್ಚುತ್ತಾರೆ. ಯೀಸ್ಟಿನ ಹೆಪ್ಪೆಂದರೆ ಅಗಿಯ ಮಡಿ. ಸಣ್ಣ ಪಾತ್ರೆಯಲ್ಲಿ ಸ್ವಲ್ಪ ಕಷಾಯ, ಅದರಲ್ಲಿ ಪೊಟ್ಟಣದ ಯೀಸ್ಟು. ಅದು ಎಚ್ಚತ್ತು ಹೆಚ್ಚಿದ ಮೇಲೆ ದೊಡ್ಡ ಪಾತ್ರೆಗೆ. ದೊಡ್ಡ ಕಾರಖಾನೆಗಳೂ ಬೇರೆ ದಾರಿಯನ್ನು ಕಂಡಿಲ್ಲ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹ್ಯಾನ್ಸೆನ್ನನೆಂಬವನು ೧೮೮೩ರಲ್ಲಿ ಒಂದೇ ಕೋಶದಿಂದ ಆರಂಭಿಸಿ ಶುದ್ಧವಾದ ಯೀಸ್ಟನ್ನು ಬೆಳೆಸಿದನು. ಒಂದು ಹನಿಯಿಂದ ಸೀಸೆಗೆ, ಸೀಸೆಯಿಂದ ಹಂಡೆಗೆ. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿರುವಂತೆ ಸಕ್ಕರೆಯ ಕಾರಖಾನೆಗೆ ಹೊಂದಿಕೊಂಡು ಮದ್ಯಸಾರವನ್ನು ಮಾಡುವಲ್ಲಿಯೂ ಯೀಸ್ಟನ್ನು ಹೀಗೆಯೇ ಸಣ್ಣ ಪಾತ್ರೆಯಿಂದ ದೊಡ್ಡದಕ್ಕೆ ಹಂತಹಂತವಾಗಿ ಬೆಳೆಸಿಕೊಳ್ಳುವದು ಈ ಕಸುಬಿನ ಪದ್ಧತಿ. ಪೆಟ್ರೋಲಿಗೆ ಬೆರೆಯುವ ಮದ್ಯಸಾರದ ಹಿಂದೆಯೂ ವಾಟಗಾದ ನ್ಯಾಯವೇ ಇದೆ.

ತಂದೆಯವರು ಮಗನಿಗೆ ಬರೆಯಬೇಕಾದದ್ದನ್ನು ಇಲ್ಲಿ ಬರೆದುಕೊಡುವೆನು. ಬೇಕಾದರೆ ಹೀಗೆಯೇ ನಕಲು ಮಾಡಿ ಕಳಿಸಲಿ.

ಇಪ್ಪತ್ತು ಲೀಟರಿಗೆ ಎರಡು ಲೀಟರು ಹೆಪ್ಪು ಸಾಕು. ಒಂದು ಲೀಟರು ನೀರಿಗೆ ೧೦೦ ಗ್ರಾಂ ಮಾಲ್ಟಿನ ಒಣ ಸತ್ತ್ವದ ಪ್ರಮಾಣದಲ್ಲಿ ಕಲಸಿ ಹದಿನೈದು ನಿಮಿಷ ಕುದಿಸತಕ್ಕದ್ದು. ಹಾಲಿನಂತೆಯೇ ಇದು ಕಣ್ಣು ತಪ್ಪಿಸಿ ಉಕ್ಕುತ್ತದೆ. ಒಲೆಯ ಹತ್ತಿರ ನಿಲ್ಲಬೇಕು. ಮಾಲ್ಟಿಗೆ ಬದಲು ಸಕ್ಕರೆಯನ್ನು ಹಾಕಿ ದುಡ್ಡು ಉಳಿಸುವ ಬುದ್ಧಿಯು ಹೊಸಬರಿಗೆ ಬರುವದುಂಟು. ಅದು ಬೇಡ. ಸಕ್ಕರೆಯಲ್ಲಿ ಹೊಟ್ಟೆ ತುಂಬಿಸುವ ಗುಣವಿದೆ, ಮೈ ಬೆಳೆಸುವ ಸಾರಜನಕವಿಲ್ಲ. ಅಲ್ಲದೆ ಬರಿಯ ಸಕ್ಕರೆಯಲ್ಲಿ ಬೆಳೆದ ಯೀಸ್ಟು ಮುಂದೆ ಮಾಲ್ಟಿನ ಸಿಹಿಯನ್ನು ಅರಗಿಸಿಕೊಳ್ಳಲು ತಡವರಿಸುತ್ತದೆ. ಬೆಲ್ಲ ತಿನ್ನಿಸಿ ಬೆಳೆಸಿದ ಕೂಸಿಗೆ ರೊಟ್ಟಿ ಸೇರದಂತೆ.

ಕುದಿದದ್ದನ್ನು ಮುಚ್ಚಳ ಮುಚ್ಚಿಯೇ ತಣ್ಣೀರಿನ ಬೋಗುಣಿಯಲ್ಲಿಟ್ಟು ೨೦ ರಿಂದ ೨೪ ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಬೇಕು. ತಾಯಿಯ ಉಪಮಾನವನ್ನು ಇಲ್ಲಿ ಬಿಡತಕ್ಕದ್ದು. ಮೊಸರಿನ ಹೆಪ್ಪಿಗೆ ಬೆರಳು ತಾಳುವಷ್ಟು ಬೆಚ್ಚಗಿನ ಹಾಲು ಹಿತ. ಬಿಯರಿನ ಯೀಸ್ಟಿಗೆ ಆ ಬಿಸಿ ಹೆಚ್ಚು. ಇನ್ನೊಂದು ಭೇದವೂ ಉಂಟು. ಮೊಸರು ಹುಳಿಯಾದೊಡನೆ ಆ ಹುಳಿಯೇ ಅದಕ್ಕೆ ಕಾವಲು, ಬೇರೆ ಜೀವಿಗಳು ಸುಲಭವಾಗಿ ಒಳಗೆ ಬರಲಾರವು. ಆದುದರಿಂದಲೇ ನಮ್ಮ ಮನೆಗಳಲ್ಲಿ ಒಂದೇ ಹೆಪ್ಪು ಅತ್ತೆಯಿಂದ ಸೊಸೆಗೆ ನಡೆದು ಬರುತ್ತದೆ. ಮಾಲ್ಟಿನ ಕಷಾಯಕ್ಕೆ ಮೊದಲ ಒಂದು ದಿನ ಯಾವ ಕಾವಲೂ ಇಲ್ಲ; ಮಾಡುವವನ ಶುಚಿತ್ವವೇ ಕಾವಲು. ಮಡಿಯ ಹೆಸರಿನಲ್ಲಿ ನಮ್ಮಲ್ಲಿ ಅರ್ಥವಿಲ್ಲದ ಕೋಟಲೆಗಳು ಎಷ್ಟೋ ನಡೆದಿವೆ. ಯೀಸ್ಟಿನ ವಿಷಯದಲ್ಲಿ ಮಾತ್ರ ಮಡಿಯು ಪೂರಾ ಅರ್ಥವುಳ್ಳದ್ದು. ಭರಣಿ, ಮುಚ್ಚಳ, ಆಲಿಕೆ, ಪೊಟ್ಟಣವನ್ನು ಕತ್ತರಿಸುವ ಕತ್ತರಿ, ಕೈ, ಆರಿದ ಕಷಾಯಕ್ಕೆ ತಗಲುವ ಯಾವದೇ ಆಗಲಿ, ತೊಳೆದ ಮೇಲೆ ಕ್ರಿಮಿನಾಶಕ ದ್ರವದಲ್ಲಿ ಅದ್ದಿದ್ದಿರಬೇಕು. ಕುದಿಯುವ ಮೊದಲಿನ ಸಾಮಾನುಗಳಿಗೆ ಇಷ್ಟು ಬೇಕಾಗಿಲ್ಲ. ಬೆಂಕಿಯೇ ಅವುಗಳನ್ನು ನೋಡಿಕೊಳ್ಳುವದು.

ಪೊಟ್ಟಣವನ್ನು ಕೆಲವು ತಾಸು ಮೊದಲೇ ತಂಪಿನಿಂದ ಹೊರಗಿಟ್ಟು, ಅಲುಗಾಡಿಸಿ, ಆರಿದ ಕಷಾಯಕ್ಕೆ ಸುರಿಯಬೇಕು. ಎರಡು ಲೀಟರಿಗೆ ನಾಲ್ಕು ಲೀಟರು ಹಿಡಿಯುವ ಭರಣಿಯಿರಲಿ. ನೊರೆಗೆ ಜಾಗ ಬೇಕು. ಬಾಯಿಗೆ ಬಿರಡೆ ಜಡಿಯಕೂಡದು. ಯೀಸ್ಟು ಸಿಹಿಯನ್ನುಂಡು ಮದ್ಯಸಾರದ ಜೊತೆಗೆ ಅಂಗಾರಾಮ್ಲ ವಾಯುವನ್ನೂ ಬಿಡುತ್ತದೆ; ಸೋಡಾದ ಸೀಸೆಯಲ್ಲಿ ಬುಸುಗುಟ್ಟುವ ವಾಯುವೇ ಅದು. ಬಿಗಿದ ಗಾಜು ಒಡೆದು ಚೂರುಗಳು ಗುಂಡಿನಂತೆ ಹಾರುವವು. ನಾನು ಮೊದಲು ಹೇಳಿದ ಭಯವು ಇದೇ. ಶುಚಿಯಾದ ತೆಳ್ಳನೆಯ ಲೋಹದ ಹಾಳೆಯನ್ನು ಸಡಿಲಾಗಿ ಹೊದಿಸಿದರೆ ವಾಯು ಹೊರಗೆ ಹೋದೀತು, ಧೂಳು ಒಳಗೆ ಬಾರದು. ಆ ಕಡೆ ಹೋಗಿ ಬರುವಾಗಲೆಲ್ಲ ಭರಣಿಯನ್ನು ಒಮ್ಮೆ ಸುತ್ತಿ ಅಲುಗಿಸುತ್ತಿರಬೇಕು. ಹೆಚ್ಚುವ ಕಾಲದಲ್ಲಿ ಯೀಸ್ಟಿಗೆ ಪ್ರಾಣವಾಯು ಬೇಕು. ಹೊಸ ಕೋಶಗಳ ಹೊದಿಕೆಯು ಅದರ ಸಹಾಯದಿಂದ ಕಟ್ಟಲ್ಪಡುತ್ತದೆ.

ಒಂದು ಹಗಲು ಒಂದು ರಾತ್ರಿಯಲ್ಲಿ, ಹೆಚ್ಚೆಂದರೆ ಎರಡು ದಿನಗಳಲ್ಲಿ ಕೆಲಸವಾಗುತ್ತದೆ. ಹೊಸಬರು ನೊರೆಯನ್ನು ಕಾಯುತ್ತ ಕೂಡ್ರುತ್ತಾರೆ. ನೊರೆಯು ನಡುರಾತ್ರಿಯಲ್ಲಿ ಬಂದು ಹೋಗಿರಬಹುದು. ನೋಡಬೇಕಾದದ್ದು ತಳವನ್ನು: ಅಲ್ಲಿ ಗಂಧದ ತೆಳುಲೇಪದಂತೆ ಬಿಳಿಯ ಕೆಸರು ಕೂತಿದ್ದರೆ ಅದೇ ಬೆಳೆ. ಮೂಸಿದರೆ ಹೊಸ ರೊಟ್ಟಿಯ ವಾಸನೆ ಬರಬೇಕು. ಕೊಳೆತ ವಾಸನೆಯೋ, ಕಟು ಹುಳಿಯೋ, ಮೇಲೆ ಬಣ್ಣದ ಬೂಷ್ಟೋ ಕಂಡರೆ ಅನುಮಾನಕ್ಕೆ ಎಡೆಯಿಲ್ಲ, ಚೆಲ್ಲಬೇಕು. ಎರಡು ಲೀಟರು ಚೆಲ್ಲಿದ ದುಃಖವು ಇಪ್ಪತ್ತು ಲೀಟರು ಚೆಲ್ಲಿದ ದುಃಖಕ್ಕಿಂತ ಕಡಿಮೆ. ಚೆನ್ನಾಗಿದ್ದರೆ ಒಂದು ದಿನ ತಂಪಿನಲ್ಲಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿ ತೆಗೆದು, ತಳದ ಕೆಸರನ್ನು ಉಳಿದ ಸ್ವಲ್ಪ ರಸದಲ್ಲಿ ಕದಡಿ ದೊಡ್ಡ ಪಾತ್ರೆಗೆ ಸುರಿಯತಕ್ಕದ್ದು. ಪೊಟ್ಟಣವು ತೀರ ಹಳೆಯದಾದರೆ ಮೊದಲು ಅರ್ಧ ಲೀಟರು, ಅದಾದ ಮೇಲೆ ಎರಡು ಲೀಟರು ಎಂದು ಎರಡು ಮೆಟ್ಟಿಲು ಮಾಡಬೇಕು.

ಒಣ ಯೀಸ್ಟಿನ ಪೊಟ್ಟಣವನ್ನು ಕೊಂಡರೆ ಇಷ್ಟೆಲ್ಲ ಶ್ರಮವೇ ಬೇಡ. ಅದರ ಒಂದು ಗ್ರಾಮಿನಲ್ಲಿ ಐನೂರು ಕೋಟಿಗೂ ಮಿಕ್ಕಿ ಕೋಶಗಳು, ಹೊಟ್ಟೆಯಲ್ಲಿ ಬುತ್ತಿ ಕಟ್ಟಿಕೊಂಡೇ ಮಲಗಿರುತ್ತವೆ. ತೂಕದ ಹತ್ತರಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತಾಸು ನೆನೆಸಿ ಹಾಕಿದರೆ ತೀರಿತು. ಮೊದಲ ಸಲದವನಿಗೆ ಇದೇ ಮೇಲು ಎಂದು ನನ್ನ ಮತ. ಅಗಿ ಹಾಕುವ ವಿದ್ಯೆಯನ್ನು ಎರಡನೆಯ ಬೆಳೆಗೆ ಕಲಿಯಲಿ.

ಇಲ್ಲಿರುವ ನಮಗೆ ಇದರಿಂದ ಏನು ಪ್ರಯೋಜನವೆಂದು ರಾಮದುರ್ಗದ ಕಡೆಯ ತಾಯಂದಿರು ಕೇಳಬಹುದು. ಬಿಯರು ನಮಗೆ ಬೇಡ; ಯೀಸ್ಟು ಬೇಕು. ಈಗ ಹೆಣ್ಣುಮಕ್ಕಳು ಮನೆಯಲ್ಲಿಯೇ ಬ್ರೆಡ್ಡು ಬನ್ನುಗಳನ್ನು ಸುಡುವದನ್ನು ಕಲಿತಿರುವರು. ಅದಕ್ಕೆ ಬೇಕಾದ ಹುಳಿಹೆಪ್ಪನ್ನು ಗೋಧಿಯ ಹಿಟ್ಟಿನಿಂದಲೇ ಮಾಡಿಕೊಳ್ಳಬಹುದು. ಯೀಸ್ಟು ಗೋಧಿಯ ಮೈಮೇಲೆಯೇ ಇರುತ್ತದೆ. ಆದುದರಿಂದ ಗ್ರಾಮದ ಗಿರಣಿಯಲ್ಲಿ ಬೀಸಿಸಿದ, ತೌಡು ತೆಗೆಯದ ಹಿಟ್ಟು ಪೇಟೆಯ ಮೈದಾಕ್ಕಿಂತ ಉತ್ತಮ. ೫೦ ಗ್ರಾಂ ಹಿಟ್ಟು, ೫೦ ಗ್ರಾಂ ಕುದಿಸಿ ಆರಿಸಿದ ನೀರು ಕಲಸಿ ಗಾಜಿನ ಭರಣಿಯಲ್ಲಿ ಸಡಿಲಾಗಿ ಮುಚ್ಚಿಡಬೇಕು. ಪ್ರತಿದಿನ ಅದೇ ಹೊತ್ತಿಗೆ ಅದರಲ್ಲಿ ೫೦ ಗ್ರಾಂ ಮಾತ್ರ ಉಳಿಸಿಕೊಂಡು, ಮಿಕ್ಕದ್ದನ್ನು ತೆಗೆದು, ಮತ್ತೆ ೫೦ ಹಿಟ್ಟು ೫೦ ನೀರು ಕೊಡಬೇಕು. ಅನ್ನವನ್ನು ಚೆಲ್ಲಲು ಮನಸ್ಸಾಗದವರಿಗೆ ಈ ತೆಗೆಯುವ ಮಾತು ಕಷ್ಟವೆನಿಸುತ್ತದೆ. ಆದರೆ ತೆಗೆಯದೆ ಕೊಡುತ್ತ ಹೋದರೆ ವಾರದೊಳಗೆ ಹೆಪ್ಪು ಕೊಳಗವಾಗುವದು, ಕೊಟ್ಟ ಹಿಟ್ಟು ಎಲ್ಲಕ್ಕೂ ಸಾಲದೆ ಹೋಗುವದು. ಐದಾರು ದಿನಗಳ ನಂತರ ತೆಗೆದದ್ದನ್ನು ದೋಸೆಯ ಹಿಟ್ಟಿಗೆ ಬೆರೆಸಿ ಚೆನ್ನಾಗಿ ಬೇಯಿಸಿದರೆ ನಷ್ಟವಿಲ್ಲ. ಮೊದಲ ದಿನಗಳದ್ದು ದನಕ್ಕೂ ಬೇಡ, ತಿಪ್ಪೆಗೆ ಹೋಗಲಿ.

ಇಲ್ಲಿ ಒಂದು ಮೋಸವಿದೆ. ನೂರಕ್ಕೆ ತೊಂಬತ್ತು ಜನ ಸೋಲುವದು ಇಲ್ಲಿಯೇ. ಎರಡನೆಯ ದಿನ ಹಿಟ್ಟು ಭರ್ರೆಂದು ಉಬ್ಬುತ್ತದೆ. ಯೀಸ್ಟು ಬಂದಿತೆಂದು ಮನೆಯವರೆಲ್ಲ ಸಂತೋಷಪಡುತ್ತಾರೆ. ಅದು ಯೀಸ್ಟಲ್ಲ, ಹಿಟ್ಟಿನಲ್ಲಿದ್ದ ಕಂಡಕಂಡ ಬ್ಯಾಕ್ಟೀರಿಯಾಗಳ ಜಾತ್ರೆ. ವಾಸನೆಯೂ ಚೆನ್ನಾಗಿರುವದಿಲ್ಲ. ಮೂರು ನಾಲ್ಕನೆಯ ದಿನ ಎಲ್ಲವೂ ಸ್ತಬ್ಧ. ಹೆಪ್ಪು ಸತ್ತಿತೆಂದು ಆಗ ಚೆಲ್ಲಿಬಿಡುತ್ತಾರೆ. ನಿಜವಾಗಿ ಒಳಗೆ ಹುಳಿಯು ಏರುತ್ತಿರುತ್ತದೆ; ಹುಳಿಯನ್ನು ತಾಳದವು ಸಾಯುತ್ತವೆ; ತಾಳುವ ಯೀಸ್ಟೂ ಹುಳಿಯ ಬ್ಯಾಕ್ಟೀರಿಯಾಗಳೂ ನಿಧಾನವಾಗಿ ಮೇಲಾಗುತ್ತವೆ. ಆ ಸುಮ್ಮನಿರುವ ದಿನಗಳಲ್ಲಿ ಬಿಡದೆ ಉಣಿಸುವದೇ ಈ ಕೆಲಸದ ಗುಟ್ಟು. ಆರೇಳನೆಯ ದಿನದಿಂದ, ಉಣಿಸಿದ ಆರು ತಾಸಿನೊಳಗೆ ಎರಡರಷ್ಟು ಉಬ್ಬಿ, ಹಣ್ಣಿನ ಮತ್ತು ಮೊಸರಿನ ವಾಸನೆ ಬೀರಿದರೆ ಹೆಪ್ಪು ಸಿದ್ಧ. ಮಳೆ ತಂಪು ಹೆಚ್ಚಿರುವ ಕಿತ್ತೂರಿನ ಕಡೆ ಒಂದೆರಡು ದಿನ ಹೆಚ್ಚು ಹಿಡಿದೀತು. ರಾಮದುರ್ಗ ಸವದತ್ತಿಗಳ ಬೇಸಗೆಯಲ್ಲಿ ದಿನಕ್ಕೆ ಎರಡು ಸಲ ಉಣಿಸಬೇಕಾದೀತು, ಇಲ್ಲವಾದರೆ ಹಸಿದು ಮೇಲೆ ನೀರು ಬಿಡುತ್ತದೆ. ಬ್ರೆಡ್ಡಿಗೆ ಹಾಕುವ ಹಿಂದಿನ ರಾತ್ರಿ ಮತ್ತೆ ಅದೇ ನ್ಯಾಯ: ಒಂದು ಚಮಚೆ ಹೆಪ್ಪನ್ನು ಒಂದು ವಾಟಗಾ ಹಿಟ್ಟಿಗೆ ಕಲಸಿ, ಅದು ಉಬ್ಬಿದ ಮೇಲೆ ಪೂರಾ ಹಿಟ್ಟಿಗೆ.

ಜೋಳದ ಹಿಟ್ಟಿನಲ್ಲಿಯೂ ಇದು ಹುದುಗುತ್ತದೆ. ಆದರೆ ಗೋಧಿಯ ಜಿಗುಟು ಅದರಲ್ಲಿಲ್ಲವಾದಕಾರಣ ವಾಯುವನ್ನು ಹಿಡಿದು ಉಬ್ಬಲಾರದು. ಜೋಳಕ್ಕೆ ಅಂಬಲಿಯೇ ಸರಿಯಾದ ಗತಿ: ರಾತ್ರಿ ಹಿಟ್ಟನ್ನು ನೀರು ಮಜ್ಜಿಗೆಗಳಲ್ಲಿ ಕದಡಿಟ್ಟು, ಹುಳಿಬಂದದ್ದನ್ನು ಮುಂಜಾನೆ ಕಾಯಿಸಿ, ಆರಿದ ಮೇಲೆ ಬಳ್ಳೊಳ್ಳಿ ಉಪ್ಪು ಹಾಕಿ ಕುಡಿಯುವದು.

ಇನ್ನು, ಮಾಲ್ಟೆಂದರೆ ಮೊಳೆಸಿ ಒಣಗಿಸಿದ ಧಾನ್ಯವಷ್ಟೆ, ನಮ್ಮ ಜೋಳವನ್ನೇ ಮೊಳೆಸಿದರೆ ಹೇಗೆಂದು ಮಗನೋ ವಾಚಕರೋ ಯೋಚಿಸಬಹುದು. ತಡೆಯಿರಿ. ಎಳೆಯ ಜೋಳದ ಬೆಳೆಯನ್ನು ಮೇಯ್ದ ದನಗಳು ಹೊಟ್ಟೆಯುಬ್ಬಿ ಬಿದ್ದು ಸಾಯುವದನ್ನು ನಮ್ಮ ರೈತರು ಕಂಡಿದ್ದಾರೆ. ಚಿಗುರಿನಲ್ಲಿರುವ ಒಂದು ದ್ರವ್ಯದಿಂದ ಸಯನೈಡೆಂಬ ಘೋರ ವಿಷವು ಹುಟ್ಟುತ್ತದೆ. ಜೋಳದ ಮೊಳಕೆಯಲ್ಲಿಯೂ ಅದೇ ದ್ರವ್ಯವುಂಟು. ಆಫ್ರಿಕದಲ್ಲಿ ಜೋಳದ ಮಾಲ್ಟಿನಿಂದ ಪಾನೀಯಗಳನ್ನು ಮಾಡುವವರು ಒಣಗಿಸಿ ಮೊಳಕೆಯನ್ನು ಉಜ್ಜಿ ತೆಗೆಯುವ ಪದ್ಧತಿಯನ್ನು ಬಲ್ಲರು. ಬಲ್ಲದವರು ಆ ಗೊಡವೆಗೆ ಹೋಗಕೂಡದು. ಮಕ್ಕಳ ಹಿಟ್ಟಿಗೆ ಮೊಳೆಸುವದಾದರೆ ರಾಗಿಯನ್ನೋ ಗೋಧಿಯನ್ನೋ ಮೊಳೆಸಬೇಕು.

ಹುಳಿಹೆಪ್ಪಿನಲ್ಲಿಯೂ ಮದ್ಯಸಾರವು ಹುಟ್ಟುವದೇ ಎಂದು ತಂದೆಯವರು ಕೇಳಿದರೆ, ಹೌದು, ಲೇಶಮಾತ್ರ. ಒಲೆಯಲ್ಲಿ ಬಹುಮಟ್ಟಿಗೆ ಆರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಅವರ ಕಪಾಟಿನಲ್ಲಿಯೇ ಇರಬಹುದು. ಔಷಧದಂಗಡಿಯ ದ್ರಾಕ್ಷಾರಿಷ್ಟದ ಸೀಸೆಯ ಮೇಲಿನ ಸಣ್ಣಕ್ಷರಗಳನ್ನು ಓದಿದರೆ, ತಾನಾಗಿ ಹುಟ್ಟಿದ ಮದ್ಯಸಾರವು ನೂರಕ್ಕೆ ಐದರಿಂದ ಹತ್ತರ ವರೆಗೆಂದು ಬರೆದಿರುತ್ತದೆ. ದ್ರಾಕ್ಷಿಯ ಕಷಾಯ, ಬೆಲ್ಲ, ಧಾತಕಿಯ ಹೂವು: ಆ ಹೂವಿನ ಮೂಲಕವೇ ಹುದುಗು ಏಳುವದೆಂದು ವೈದ್ಯರು ಅದನ್ನು ತಪ್ಪದೆ ಹಾಕುತ್ತಾರೆ. ಊಟದ ನಂತರ ಅದನ್ನು ಎರಡು ಚಮಚೆ ಕುಡಿಯುವ ಹಿರಿಯರನ್ನು ಯಾರೂ ದಾರಿ ತಪ್ಪಿದವರೆನ್ನುವದಿಲ್ಲ. ಮಗನನ್ನು ಸಮರ್ಥಿಸಲು ಇದನ್ನು ಹೇಳಲಿಲ್ಲ. ಮಾತು ಬಿಡುವಷ್ಟು ದೊಡ್ಡದಾಗಿ ಕಂಡ ವಸ್ತುವು ಎಷ್ಟು ಹತ್ತಿರದಲ್ಲಿದೆಯೆಂದು ತಿಳಿಯಲಿ ಎಂದು ಹೇಳಿದೆನು. ಕುಡಿತದ ಮಿತಿಯ ಬಗ್ಗೆ ಮಗನಿಗೆ ಹೇಳತಕ್ಕದ್ದಿದ್ದರೆ ತಂದೆಯು ತಾನೇ ಫೋನು ಹಚ್ಚಿ ನೆಟ್ಟಗೆ ಹೇಳಬೇಕು. ಹೆಪ್ಪಿನ ಪ್ರಶ್ನೆಗೆ ಸಿಟ್ಟಿನ ಉತ್ತರವು ಸಲ್ಲದು. ಮನೆಯಾಕೆಯಂತೂ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟಳು. ಅದರಲ್ಲಿ ಅಪರಾಧವೇನಿದೆ?

ಕೊನೆಗೆ, ಹುಳಿಹೆಪ್ಪನ್ನು ಮಾಡಿಕೊಂಡವರು ಊರಿಗೆ ಹೋಗುವಾಗ ಏನು ಮಾಡಬೇಕೆಂಬುದು. ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಸವದತ್ತಿಯ ಗುಡ್ಡಕ್ಕೆ ಮನೆಮಂದಿಯೆಲ್ಲ ಹೊರಟಾಗ ಭರಣಿಗೆ ಉಣಿಸುವವರಿಲ್ಲ. ಫ್ರಿಜ್ಜಿದ್ದವರು ಉಣಿಸಿ ಒಂದು ತಾಸು ಬಿಟ್ಟು ಅದರಲ್ಲಿಟ್ಟರೆ ವಾರ ಎರಡು ವಾರ ನಿಶ್ಚಿಂತೆ. ಇಲ್ಲದವರು ಹೆಪ್ಪಿಗೆ ಒಣಹಿಟ್ಟನ್ನು ಸೇರಿಸಿ ರೊಟ್ಟಿಯ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಲಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಗೋಧಿಹಿಟ್ಟಿನ ಡಬ್ಬಿಯೊಳಗೆ ಹುಗಿದಿಡಬೇಕು. ಹಬ್ಬದ ನಾಲ್ಕು ದಿನಗಳಿಗೆ ಅಷ್ಟು ಸಾಕು. ಬಂದ ಮೇಲೆ ಮೇಲಿನ ಒಣ ಸಿಪ್ಪೆಯನ್ನು ಬಿಡಿಸಿ, ಒಳಗಿನ ಮೆತ್ತನೆಯ ಭಾಗವನ್ನು ಹೆಬ್ಬೆಟ್ಟಿನಷ್ಟು ತೆಗೆದು ಬೆಚ್ಚನೆಯ ನೀರಿನಲ್ಲಿ ಕದಡಿ ಉಣಿಸಿದರೆ, ಎರಡು ಮೂರು ಉಣಿಸುವಿಕೆಗಳಲ್ಲಿ ಮತ್ತೆ ಎದ್ದು ಕೂಡ್ರುತ್ತದೆ. ದೂರದ ಊರಿಗೆ ಕೊಟ್ಟ ಮಗಳಿಗೆ ಟಪಾಲಿನಲ್ಲಿ ಕಳಿಸುವದಿದ್ದರೆ ತೆಳ್ಳಗೆ ಕಾಗದದ ಮೇಲೆ ಸವರಿ, ನೆರಳಿನಲ್ಲಿ ಒಣಗಿಸಿ, ಹಪ್ಪಳದಂತೆ ಮುರಿದು ಲಕ್ಕೋಟೆಯಲ್ಲಿ ಹಾಕಬಹುದು. ಬಿಸಿಲಿನಲ್ಲಿ ಮಾತ್ರ ಒಣಗಿಸಬಾರದು.